ಗೊತ್ತಿದ್ದೂ ಸುಲಿದ ಕೆಸು

ನಂಗಾ ಸೆರಾಂಗ್ ಉದ್ದಮನೆ
9 ಮಾರ್ಚ್ 1988

ನನ್ನ ಸೆನಾವಿ,

ಊಟ ಮಾಡಿ, ಕೈ ತೊಳೆದುಕೊಂಡು, ಆಮೇಲೆ ಇದನ್ನು ಓದು. ಹಸಿದ ಹೊಟ್ಟೆಯಲ್ಲಿ ಓದಿದರೆ ಅಮ್ಮನ ಮೇಲೆ ಸಿಟ್ಟು ಬರುವಂಥ ಕಾಗದ ಇದು.

ನಿನ್ನ ಕಾಗದ ಅಂಗಡಿ ದೋಣಿಯಲ್ಲಿ ಬಂತು. ಕೂಚಿಂಗ್‌ನ ಆಸ್ಪತ್ರೆಯ ಕೆಲಸ, ಹಾಸ್ಟೆಲ್ಲಿನ ಅನ್ನ, ಹೊಸ ಸಿಸ್ಟರ್‌ನ ಗದರಿಕೆ ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿ, ಉಳಿದ ಹಾಳೆಯ ತುಂಬ ಒಂದೇ ಪ್ರಶ್ನೆ ಕೇಳಿದ್ದೀಯ: ಆ ಮನುಷ್ಯ ಯಾರು? ನಿನಗೆ ಸುದ್ದಿ ಮುಟ್ಟಿಸಿದವರು ಯಾರೆಂದು ನಾನು ಕೇಳುವುದಿಲ್ಲ. ಪಕ್ಕದ ಕೋಣೆಯ ತಂಬೊಂಗ್ ಅಜ್ಜಿಯ ಮೊಮ್ಮಗಳು ಹೋದ ತಿಂಗಳು ಪಟ್ಟಣಕ್ಕೆ ಹೋಗಿದ್ದಳು. ಬಾಯಿಗೆ ಬೀಗವಿಲ್ಲದ ವಂಶ ಅದು.

ನೀರುಕೆಸುವಿನ ವ್ಯಾಪಾರಿಗಳು ಈಗ ಹೀಗೇ ಮಾಡುತ್ತಾರೆ ಎಂದು ಬರೆದಿದ್ದೀಯ. ಮೊದಲು ಒಬ್ಬ ಒಳ್ಳೆಯ ಮಾತಿನ ಗಂಡಸನ್ನು ಕಳಿಸುತ್ತಾರೆ, ಅವನು ಗಂಡನಿಲ್ಲದ ಒಲೆಯ ಮುಂದೆ ಕೂತು ತೊರೆಯ ಗುಟ್ಟು ತಿಳಿದುಕೊಳ್ಳುತ್ತಾನೆ, ಹಿಂದಿನಿಂದ ಗೋಣಿಚೀಲ ಬರುತ್ತದೆ. ಮಗಳೇ, ಇದನ್ನು ನೀನು ನನಗೆ ಕಲಿಸಬೇಕೇ? ಎಂಬಾವಾಂಗ್ ತೊರೆಗೆ ಆದ ಗತಿಯನ್ನು ಕಣ್ಣಾರೆ ಕಂಡವಳು ನಾನು. ಅಲ್ಲಿ ನೀರೊಳಗೆ ಹಾಸಿದಂತಿದ್ದ ಕೆಸುವನ್ನು ಬೇರುಸಹಿತ ಬಾಚಿಕೊಂಡು ಹೋದರು, ದೂರದ ದೇಶದವರ ಗಾಜಿನ ಪೆಟ್ಟಿಗೆಯಲ್ಲಿ ಚಂದ ಕಾಣಲಿ ಎಂದು. ಅಡಗಲು ಎಲೆಯಿಲ್ಲದೆ ಮೀನುಮರಿ ನಿಲ್ಲಲಿಲ್ಲ. ಎಂಬಾವಾಂಗಿನ ಹೆಂಗಸರು ಈಗ ತೊರೆಯ ದಡದಲ್ಲೇ ಕೂತು ಡಬ್ಬಿ ಮೀನು ತಿನ್ನುತ್ತಾರೆ.

ಆದ್ದರಿಂದ ಉಗಾಪ್ ಎಂಬ ಈ ಮನುಷ್ಯ ನಮ್ಮ ಕಟ್ಟೆಗೆ ದೋಣಿ ಕಟ್ಟಿದ ದಿನದಿಂದಲೂ ನಾನು ಅವನ ಮೇಲೆ ಒಂದು ಕಣ್ಣು ಇಟ್ಟೇ ಇದ್ದೇನೆ. ಜನ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡರೆ ನಾನೇನು ಮಾಡಲಿ?

ಅವನು ಹೇಳಿಕೊಂಡದ್ದು ಇಷ್ಟು: ಊರು ಸಾರಾತೋಕ್ ಕಡೆ, ಬೆಳೆದದ್ದು ಪೇಟೆಯಲ್ಲಿ, ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ, ದೋಣಿ ಇಂಜಿನ್ ರಿಪೇರಿ ಕೆಲಸ. ನಮ್ಮ ತುವಾಯ್ ಇದ್ದಾರಲ್ಲ, ಈ ಉದ್ದಮನೆಯ ಎಲ್ಲ ಸಂಸಾರಗಳಿಗೂ ಹಿರಿಯರು, ಅವರ ಇಂಜಿನ್ ಕೆಟ್ಟು ಕೂತಿತ್ತು. ಅದನ್ನು ಸರಿಮಾಡಿದ. ಆಮೇಲೆ ಇನ್ನೊಬ್ಬರದು, ಮತ್ತೊಬ್ಬರದು. ಇಂಜಿನ್‌ಗಳೆಲ್ಲ ಮುಗಿದ ಮೇಲೂ ಹೊರಡಲಿಲ್ಲ. ನಮ್ಮ ಕೋಣೆಯ ಸೂರು ಸೋರುತ್ತಿತ್ತು, ಕಟ್ಟಿಕೊಟ್ಟ. ಮಗ್ಗದ ಕಾಲು ಅಲುಗಾಡುತ್ತಿತ್ತು, ಬಿಗಿಮಾಡಿದ. ನಾನು ಕೇಳಿರಲಿಲ್ಲ. ಒಂದೆರಡು ಸಲ ಕೇಳಿದ್ದೆ.

ಅನುಮಾನ ಗಟ್ಟಿಯಾದದ್ದು ಸ್ನಾನದ ಕಲ್ಲಿನ ಹತ್ತಿರ. ನೀರು ತರಲು ಇಳಿದಾಗ ಅವನು ಮೊಣಕಾಲೂರಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ಏನನ್ನೋ ನೋಡುತ್ತಿದ್ದ.

"ಏನ್ ಕಳ್ಕೊಂಡ್ರಿ?" ಎಂದೆ.

"ಏನಿಲ್ಲ ಇಂದಾಯ್ ಸೆನಾವಿ, ಸೋಪು ಜಾರ್ಬಿಡ್ತು."

ನನ್ನ ಹೆಸರು ಹಿಡಿಯದೆ, ಸೆನಾವಿಯ ಅಮ್ಮ ಎಂದೇ ಕರೆಯುತ್ತಾನೆ. ಸೋಪು ಅವನ ಇನ್ನೊಂದು ಕೈಯಲ್ಲೇ ಇತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವನು ನೋಡಿದ. ಮೂರ್ನಾಲ್ಕು ದಿನ ಬಿಟ್ಟು ಊಟದ ನಡುವೆ, ಏನೋ ನೆನಪಾದವನಂತೆ, ಈ ತೊರೆ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದ. ಬೆಟ್ಟದಲ್ಲಿ ಎಂದೆ. ಯಾವ ಬೆಟ್ಟ ಎಂದ. ಎತ್ತರದ್ದು ಎಂದೆ. ನಕ್ಕು ಅನ್ನಕ್ಕೆ ಕೈ ಹಾಕಿದ.

ಹೌದು, ಊಟಕ್ಕೆ ನಮ್ಮ ಕೋಣೆಗೇ ಬರುತ್ತಿದ್ದ. ತುವಾಯ್ ಕೋಣೆಯಲ್ಲಿ ಜನ ಜಾಸ್ತಿ.

ಅವನ ಚೀಲದಲ್ಲಿ ಒದ್ದೆ ಪಾಚಿಯ ಉಂಡೆಗಳೂ ಪ್ಲಾಸ್ಟಿಕ್ ಚೀಲಗಳೂ ಇದ್ದವು. ಇಂಜಿನ್‌ಗೆ ಪಾಚಿ ಯಾಕೆ? ಅವನ ಚೀಲಕ್ಕೆ ನೀನೇಕೆ ಕೈ ಹಾಕಿದೆ ಎಂದು ಕೇಳಬೇಡ. ಅಂಗಿ ಹರಿದಿತ್ತು, ಹೊಲಿಯೋಣ ಎಂದು ತೆಗೆದೆ.

ಮೂರನೆಯ ಅಬ್ಬಿಯ ಮೇಲೆ, ನನ್ನ ಅಮ್ಮನ ಹಳೆಯ ಗದ್ದೆಯ ಕೆಳಗೆ, ತಳ ಕೆಂಪಗಿರುವ ಎಲೆಯ ನೀರುಕೆಸು ಇರುವ ಜಾಗ ಗೊತ್ತಿರುವುದು ನನಗೆ, ನಿನಗೆ. ನೀರಿಳಿದ ದಿನಗಳಲ್ಲಿ ಅದರ ಕೊಳವೆಯಂಥ ಹೂ ಮೇಲೆ ಮೂತಿ ಹಾಕುವಾಗ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಆ ಜಾಗಕ್ಕಾಗಿಯೇ ಇವನು ನನ್ನ ಸೂರು ಕಟ್ಟುತ್ತಿದ್ದಾನೆ ಎನಿಸಿದಾಗ ಏನಾಯಿತು ಎಂದು ಬರೆಯುವುದಿಲ್ಲ. ಎರಡು ದಿನ ಮಗ್ಗದಲ್ಲಿ ಕೂತು ನೂಲು ತಪ್ಪಿಸಿದೆ, ಅಷ್ಟೇ.

ಆಮೇಲೆ ಒಂದು ಉಪಾಯ ಮಾಡಿದೆ. ಹಿತ್ತಿಲ ಕೆಸುವಿನ ಬದಲು ಹಳ್ಳದ ಬದಿಯ ಕಾಡುಕೆಸುವಿನ ದಂಟು ಕಡಿದು, ಎಲೆಯನ್ನೆಲ್ಲ ಕತ್ತರಿಸಿ ಬಿಸಾಡಿ, ಬರಿಯ ದಂಟನ್ನು ಬುಟ್ಟಿಯಲ್ಲಿ ತಂದೆ. ಅದರ ಹಾಲು ತಾಗಿದರೆ ಚರ್ಮ ಹೇಗೆ ಉರಿಯುತ್ತದೆಂದು ನಿನಗೆ ಗೊತ್ತು. ಗಿಡ ಬಲ್ಲವನಾದರೆ ಮುಟ್ಟುವುದಿಲ್ಲ, ಸಿಕ್ಕಿಬೀಳುತ್ತಾನೆ. ಇಂಜಿನ್ ಮನುಷ್ಯನಾದರೆ ಸುಲಿಯುತ್ತಾನೆ, ಒಂದೆರಡು ದಿನ ತುರಿಸಿಕೊಳ್ಳುತ್ತಾನೆ. ಹಾಗೆ ತುರಿಸಿಕೊಳ್ಳಲಿ ಎಂದೇ ನಾನು ಹಾರೈಸುತ್ತಿದ್ದೆ.

ಜಗಲಿಯಲ್ಲಿ ಎಲ್ಲರೂ ಇದ್ದರು. ತಂಬೊಂಗ್ ಅಜ್ಜಿ ಚಾಪೆ ಹೆಣೆಯುತ್ತಿದ್ದಳು.

"ಸ್ವಲ್ಪ ಸುಲಿದು ಕೊಡ್ತೀರಾ? ನಂಗೆ ಒಲೆ ನೋಡ್ಬೇಕು," ಎಂದು ಬುಟ್ಟಿಯನ್ನು ಅವನ ಮುಂದಿಟ್ಟೆ.

"ಆಯ್ತಲ್ಲ, ಊಟ ಹಾಕೋರು ಕೆಲಸಾನೂ ಕೊಡ್ತಿದಾರೆ," ಎಂದು ಅಜ್ಜಿ ಕುಟುಕಿದಳು. "ಇನ್ನೇನ್ ಬಾಕಿ ಉಳೀತು?"

ನಾನು ಒಳಗೆ ಹೋಗಿ ಬೂದಿಯಾದ ಒಲೆಯನ್ನು ಊದುತ್ತ ನಿಂತೆ. ಹೊರಗೆ ಬಂದಾಗ ದಂಟೆಲ್ಲ ಸುಲಿದಾಗಿತ್ತು. ಅವನ ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪೇರಿ ಊದಿಕೊಳ್ಳತೊಡಗಿದ್ದವು. "ಇದೇನೋ ಚುಚ್ಚುತ್ತಲ್ಲ," ಎಂದ, ಅಷ್ಟೇ. ನಾನು ಅಯ್ಯೋ ತಪ್ಪಾಯಿತು, ಕತ್ತಲಲ್ಲಿ ಕಡಿದೆ, ಗೊತ್ತಾಗಲಿಲ್ಲ ಎಂದೆಲ್ಲ ನಾಟಕವಾಡಿ, ಹುಳಿಹಣ್ಣಿನ ರಸ ಹಚ್ಚಿ, ಕೈಯನ್ನು ಬೆಂಕಿಗೆ ಕಾಯಿಸಲು ಕೂರಿಸಿದೆ. ಒಳಗೊಳಗೇ ನನ್ನ ಮೈ ಹಗುರಾಗಿತ್ತು ಮಗಳೇ. ಪಾಪ, ಏನೂ ತಿಳಿಯದ ಪೇಟೆಯವನು.

ಆ ಹಗುರ ಮರುದಿನ ಬೆಳಿಗ್ಗೆಯವರೆಗೂ ಉಳಿಯಲಿಲ್ಲ. ಬಟ್ಟೆ ಒಗೆಯುವಾಗ ತಂಬೊಂಗ್ ಅಜ್ಜಿ ಪಕ್ಕಕ್ಕೆ ಬಂದಳು.

"ಲೇ ಲುನ್ಸಾ, ನಿನ್ ಪರೀಕ್ಷೆ ಚೆನ್ನಾಗಿತ್ತು ಕಣೆ. ಆದ್ರೆ ನೀನು ಒಳಗ್ ಹೋಗ್ಬಿಟ್ಟೆ. ನೋಡ್ಬೇಕಾದ್ದು ನಾನ್ ನೋಡ್ದೆ."

"ಏನ್ ನೋಡ್ದೆ?"

"ಮೊದಲ್ನೇ ದಂಟು ತಗೊಂಡ. ಕಡಿದ ತುದಿ ಮೂಸಿದ. ದಂಟಿನ್ ಮೇಲಿನ ಬೂದಿಯಂಥ ಪುಡಿ ಬೆರಳಲ್ಲಿ ಒರೆಸಿ ನೋಡ್ದ. ನಿನ್ ಬಾಗಿಲ ಕಡೆ ಒಂದ್ಸಲ ನೋಡ್ದ. ಆಮೇಲೆ ಕೂತು ಸುಲಿದ. ಗೊತ್ತಿದ್ದೇ ಸುಲಿದ ಕಣೆ!"

ಒಗೆಯುತ್ತಿದ್ದ ಬಟ್ಟೆ ಹೊಳೆಯಲ್ಲಿ ತೇಲಿಹೋಯಿತು, ಅಜ್ಜಿಯೇ ಓಡಿ ಹಿಡಿದಳು. ಯೋಚಿಸು ಸೆನಾವಿ. ತನಗೆ ಗಿಡ ಗೊತ್ತು ಎಂಬುದನ್ನು ಮುಚ್ಚಿಡಲು ತನ್ನ ಎರಡೂ ಕೈಯನ್ನು ಉರಿಗೆ ಕೊಡುವವನು ಇನ್ನೇನು ತಾನೇ ಮಾಡಲಾರ? ಕಳ್ಳನಾದರೂ ಸಣ್ಣ ಕಳ್ಳನಲ್ಲ.

ಅಂದೇ ಕೇಳಿದೆ. ಅವನು ಜಗಲಿಯ ಒಲೆಯ ಹತ್ತಿರ ಕೈ ಚಾಚಿಕೊಂಡು ಕೂತಿದ್ದ.

"ಅದು ಕಾಡುಕೆಸು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ್ಯಾಕೆ ಸುಲಿದ್ರಿ?"

"ನೀವು ಕೊಟ್ರಿ, ಸುಲಿದೆ. ಬೇಡ ಅಂದಿದ್ರೆ ಆಗ್ಲೇ ಕೇಳ್ತಿದ್ರಿ, ಗಿಡದ ವಿಷ್ಯ ನಿಂಗೆ ಹೇಗ್ ಗೊತ್ತು ಅಂತ. ಇನ್ನೊಂದೆರಡು ದಿನ ಕೇಳ್ದೇ ಇರ್ಲಿ ಅನ್ನಿಸ್ತು."

ಆಮೇಲೆ ಎಲ್ಲ ಹೇಳಿದ. ಎಂಬಾವಾಂಗ್ ತೊರೆಗೆ ಇಳಿದವರಲ್ಲಿ ಅವನೂ ಒಬ್ಬ. ಪಟ್ಟಣದ ಒಬ್ಬ ವ್ಯಾಪಾರಿಗೆ ಗಿಡ ಹುಡುಕಿಕೊಡುವುದೇ ಅವನ ಕೆಲಸ, ಇಂಜಿನ್ ವಿದ್ಯೆ ಜೊತೆಗೆ ಬಂದದ್ದು. ನಮ್ಮ ತೊರೆಗೂ ಅದಕ್ಕೇ ಬಂದಿದ್ದ. ಸ್ನಾನದ ಕಲ್ಲಿಗೆ ತೇಲಿಬಂದ ಒಂದು ಹರಿದ ಎಲೆಯ ಕೆಂಪು ತಳ ನೋಡಿ, ಮೇಲೆ ಹತ್ತಿ, ಮೂರನೆಯ ಅಬ್ಬಿಯ ಜಾಗವನ್ನು ಎಂದೋ ಕಂಡುಹಿಡಿದಿದ್ದನಂತೆ! ನಾನು ಬೆಟ್ಟ ಎತ್ತರದ್ದು ಎಂದು ಜಾಣತನ ತೋರಿಸುವಾಗಲೇ ಅವನು ಅಲ್ಲಿಗೆ ಹೋಗಿಬಂದಾಗಿತ್ತು.

"ಕಂಡ ಮೇಲೆ ಯಾಕೆ ಹೋಗ್ಲಿಲ್ಲ?" ಎಂದೆ.

"ಹೋಗ್ಬೇಕು ಅಂತಾನೇ ಇದ್ದೆ," ಎಂದ.

ಆ ಮಾತಿಗೆ ಬಾಲವಿತ್ತು, ಅವನು ಆಡಲಿಲ್ಲ. ನಾನು ಎದ್ದು ತುವಾಯ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನೀನು ಇದನ್ನು ನೆನಪಿಟ್ಟುಕೊಳ್ಳಬೇಕು: ಅವನನ್ನು ಮುಚ್ಚಿಡಲಿಲ್ಲ ನಾನು. ನಾಳೆ ಬೆಳಿಗ್ಗೆ ಹೊರಡಲಿ ಎಂದು ತುವಾಯ್ ತೀರ್ಮಾನ ಕೊಟ್ಟರು.

ಬೆಳಿಗ್ಗೆ ಅವನು ಚೀಲ ಕಟ್ಟುತ್ತಿರುವಾಗಲೇ ಹೊಳೆಯ ತಿರುವಿನಲ್ಲಿ ದೊಡ್ಡ ಇಂಜಿನ್‌ನ ಸದ್ದು. ವ್ಯಾಪಾರಿಯೇ ಬಂದಿದ್ದ, ಬಿಳಿ ಟೋಪಿ ಹಾಕಿಕೊಂಡು, ಆಳುಗಳನ್ನೂ ಖಾಲಿ ಗೋಣಿಚೀಲಗಳನ್ನೂ ತುಂಬಿಕೊಂಡು. ಉದ್ದಮನೆಯ ಜನವೆಲ್ಲ ಏಣಿಯ ಹತ್ತಿರ ಸೇರಿತು. ಎಲ್ಲರೂ ಹೊಳೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಉಗಾಪ್ ಕೆಳಗಿಳಿದು ಹೋದ. ನಾವು ಮೇಲಿನಿಂದ ಕೇಳಿಸಿಕೊಂಡೆವು.

"ಏನಯ್ಯ, ಗಿಡಕ್ಕೆ ಅಂತ ಕಳಿಸಿದ್ರೆ ಮನೆ ಅಳಿಯ ಆಗ್ಬಿಟ್ಟೆಯಂತೆ?" ಎಂದ ವ್ಯಾಪಾರಿ. "ಸಿಕ್ತೋ ಇಲ್ವೋ?"

"ಸಿಕ್ತು. ತಗೊಳ್ಳಿ," ಎಂದು ಉಗಾಪ್ ಎರಡೂ ಕೈಯನ್ನು ಅವನ ಮುಖದ ಮುಂದೆ ಹಿಡಿದ. ಊದಿ, ಬೊಕ್ಕೆ ಎದ್ದು, ಬೆರಳು ಮಡಚಲೂ ಬರದ ಕೈಗಳು. "ಈ ತೊರೇಲಿರೋದು ಇದೇ. ಮುಟ್ಟಿದ್ದು ಒಂದೇ ಸಲ. ನಿಮ್ ಆಳುಗಳು ಸೊಂಟದವರೆಗೆ ಇಳೀತಾರಲ್ಲ, ಇಳೀಲಿ. ಎಲ್ಲೆಲ್ಲಿ ತುರಿಸುತ್ತೆ ಅಂತ ಆಮೇಲೆ ಅವರನ್ನೇ ಕೇಳಿ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಗಲೇ ದೋಣಿಯೊಳಗೆ ಕಾಲು ಎಳೆದುಕೊಂಡ. ಮೇಲಿನಿಂದ ತಂಬೊಂಗ್ ಅಜ್ಜಿ, ಯಾರೂ ಅವಳನ್ನು ಕೇಳದಿದ್ದರೂ, ಕೂಗಿದಳು:

"ಹೋದ ವರ್ಷ ನಮ್ಮ ನಾಯಿ ಆ ನೀರು ಕುಡಿದು ಮೂತಿ ಹಂದಿ ಥರ ಆಯ್ತು ಸ್ವಾಮಿ!"

ನಮ್ಮಲ್ಲಿ ನಾಯಿಯೇ ಇರಲಿಲ್ಲ. ತುವಾಯ್ ಹೌದೆಂದು ತಲೆಯಾಡಿಸಿದರು. ವ್ಯಾಪಾರಿ ಉಗಾಪ್‌ನನ್ನು ಬೈದು, ನಿನ್ನ ಮುಖ ಇನ್ನು ತೋರಿಸಬೇಡ ಎಂದು ಹೇಳಿ, ಬಂದ ದಾರಿ ಹಿಡಿದ.

ಜನ ನಕ್ಕರು, ಅವನ ಬೆನ್ನು ತಟ್ಟಿದರು. ನಾನು ನಗಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳುವ ಬಾಯಿ ನನ್ನ ಹತ್ತಿರ ಎಷ್ಟು ಹೇಳಿರಬಹುದು? ಈ ದೋಣಿಯನ್ನು ವಾಪಸು ಕಳಿಸಿ, ಜಾಗವನ್ನು ಇನ್ನೊಬ್ಬನಿಗೆ ತೋರಿಸುವ ಲೆಕ್ಕವಿದ್ದರೆ? ಯಾರಿಗೂ ಹೇಳದೆ ಒಬ್ಬಳೇ ತೊರೆಗುಂಟ ಹತ್ತಿದೆ. ಮೂರನೆಯ ಅಬ್ಬಿಯ ಮೇಲೆ ಎಲ್ಲವೂ ಇತ್ತು. ಎಲೆಗಳು ನೀರಿನ ಎಳೆತಕ್ಕೆ ಬಾಗಿ ಬಾಗಿ ಏಳುತ್ತಿದ್ದವು, ನಡುವೆ ಮೀನುಮರಿ ಮಿಂಚುತ್ತಿತ್ತು. ಆದರೆ ಒಂದು ಬಂಡೆಯ ಮಗ್ಗುಲಲ್ಲಿ ಅಂಗೈ ಅಗಲದಷ್ಟು ಹರಳುಮಣ್ಣು ಬೋಳಾಗಿತ್ತು. ಕಿತ್ತ ಗುರುತು.

ಇಳಿದು ಬಂದು, ಎಲ್ಲರ ಎದುರಿಗೇ ಕೇಳಿದೆ.

"ಬಂದ ಹೊಸದ್ರಲ್ಲಿ ಕಿತ್ತಿದ್ದೆ, ವ್ಯಾಪಾರಿಗೆ ತೋರ್ಸೋಕೆ," ಎಂದ. ತಲೆ ತಗ್ಗಿಸಲಿಲ್ಲ. "ಪಾಚಿಲಿ ಸುತ್ತಿಟ್ಟೆ. ನಿಮ್ ಮನೇಲಿ ಊಟ ಮಾಡಿದ್ಮೇಲೆ ಕಳ್ಸೋಕೆ ಮನಸ್ಸು ಬರ್ಲಿಲ್ಲ. ವಾಪಸ್ ನೆಡೋಣ ಅಂತ ಬಿಚ್ಚಿದ್ರೆ ಎಲೆಯೆಲ್ಲ ಲೋಳೆ ಆಗಿತ್ತು."

ನೀರುಕೆಸುವನ್ನು ಕಿತ್ತರೆ ಒಂದೆರಡು ದಿನಕ್ಕೆ ಕರಗಿ ಲೋಳೆಯಾಗುವುದು ನಿಜ. ನನ್ನ ಅಮ್ಮನೂ ಹೇಳುತ್ತಿದ್ದಳು. ನಾನು ನೋಡಿದಾಗ ಪಾಚಿಯೊಳಗೆ ಗಿಡವಿರಲಿಲ್ಲ ಎಂಬುದೂ ನಿಜ. ಕರಗಿದ್ದರೂ ಇರುವುದಿಲ್ಲ, ಕಳಿಸಿದ್ದರೂ ಇರುವುದಿಲ್ಲ. ಕಳಿಸಿದ್ದರೆ ವ್ಯಾಪಾರಿ ಸಿಕ್ತೋ ಇಲ್ವೋ ಎಂದು ಯಾಕೆ ಕೇಳುತ್ತಿದ್ದ? ಬೇರೆ ವ್ಯಾಪಾರಿಗೆ ಕಳಿಸಿದ್ದರೆ? ಹೀಗೆ ನನ್ನ ತಲೆ ತಿರುಗುತ್ತಲೇ ಇದೆ. ಪಟ್ಟಣದಲ್ಲಿ ಅಂಥ ಎಲೆಯನ್ನು ಎಲ್ಲಾದರೂ ಗಾಜಿನ ಪೆಟ್ಟಿಗೆಯಲ್ಲಿ ಕಂಡರೆ ಕೂಡಲೇ ಬರೆ.

ತುವಾಯ್ ಕೊನೆಗೆ ನನ್ನತ್ತ ತಿರುಗಿದರು. "ತೊರೆ ನಿಮ್ಮಮ್ಮಂದು, ಅನ್ನ ಹಾಕಿದ್ದೂ ನೀನು. ಇರ್ಲೋ, ಹೋಗ್ಲೋ? ನೀನೇ ಹೇಳು," ಎಂದರು. ಅವನು ನನ್ನನ್ನು ನೋಡದೆ ತನ್ನ ಕೈಗಳನ್ನೇ ನೋಡುತ್ತಿದ್ದ.

"ಆ ಕೈಲಿ ದೋಣಿ ನಡ್ಸೋಕೆ ಆಗಲ್ಲ," ಎಂದೆ. "ವಾಸಿ ಆಗೋವರೆಗೆ ಇರ್ಲಿ. ಜಗಲೀಲಿ."

ನಡೆದದ್ದು ಇಷ್ಟು. ಒಂದನ್ನೂ ಬಿಡದೆ ಬರೆದಿದ್ದೇನೆ. ಅಮ್ಮ ಮೋಸಹೋದಳು ಎಂದು ಅಳಬೇಡ, ಅಮ್ಮನಿಗೆ ಬುದ್ಧಿ ಕೆಟ್ಟಿತು ಎಂದು ಸಿಟ್ಟೂ ಆಗಬೇಡ. ರಜೆ ಸಿಕ್ಕಾಗ ಬಾ. ನಿನ್ನ ಕಣ್ಣಿಂದಲೂ ಒಮ್ಮೆ ನೋಡು.

ನಿನ್ನ ದಾರಿ ನೋಡುತ್ತಿರುವ
ಅಮ್ಮ, ಲುನ್ಸಾ

ಮತ್ತೆ: ಈ ಕಾಗದ ಬರೆದು ಅಂಗಡಿ ದೋಣಿಗಾಗಿ ಕಾಯುವಷ್ಟರಲ್ಲಿ ವಾರ ಕಳೆಯಿತು. ಜಗಲಿಯಲ್ಲಿ ಸೊಳ್ಳೆ ಬಹಳ, ಅದಕ್ಕೆ ಅವರು ಈಗ ಒಳಗೇ ಮಲಗುತ್ತಾರೆ. ಕೈ ಪೂರ್ತಿ ವಾಸಿಯಾಗಿದೆ, ಆದರೂ ಹೊರಡುವ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ತುವಾಯ್ ಸುಗ್ಗಿಯ ಗವಾಯ್ ಹಬ್ಬದ ಮೊದಲು ಒಂದು ಒಳ್ಳೆಯ ದಿನ ನೋಡೋಣ ಎನ್ನುತ್ತಿದ್ದಾರೆ. ಅನುಮಾನ ತೀರಿತು ಎಂದುಕೊಳ್ಳಬೇಡ. ದೂರದಲ್ಲಿದ್ದವನ ಮೇಲೆ ಎಷ್ಟು ದಿನ ಅಂತ ಕಣ್ಣಿಡಲಿ, ನೀನೇ ಹೇಳು.