ಮಾಕಳಿಯ ಬಳಿ ಬಿಚ್ಚಿಕೊಂಡ ಚಪ್ಪರ

ಸಂಜಯನಗರ, ಬೆಂಗಳೂರು
೧೬ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಇಲ್ಲಿದ್ದಾಗ ಮೆಟ್ಟಿಲಿಳಿಯುವಾಗೆಲ್ಲ ಗೋಡೆ ಹಿಡಿದುಕೊಳ್ಳುತ್ತಿದ್ದೆ, ನೋಡಿಯೂ ನಾನು ಕೈ ಚಾಚಲಿಲ್ಲ. ನೀನು ಕೊಡವಿಬಿಡುತ್ತೀಯೆಂಬ ಹೆದರಿಕೆ. ನಾಸಿಕ್‌ನಲ್ಲಿ ಈಗ ಬಿಸಿಲು ಜೋರಂತೆ, ಭಾವ ಮಧ್ಯಾಹ್ನ ಹೊರಗೆ ಹೋಗದಿರಲಿ. ನಿನ್ನ ನಾದಿನಿ ಶುಭಾ ಚೆನ್ನಾಗಿದ್ದಾಳೆ. ನಾನೂ ಇದ್ದೇನೆ. ನಿನಗೆ ಎಷ್ಟು ಸಲ ಫೋನ್ ಮಾಡಿದರೂ ಒಂದೇ ರಿಂಗಿಗೆ ಕಟ್ಟಾಗುತ್ತದೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯೆಂದು ಶುಭಾಳೇ ತಿಳಿಸಿ ಹೇಳಿದಳು. ಮಾಡಿದ್ದರಲ್ಲಿ ತಪ್ಪಿಲ್ಲ. ಕಾಗದವನ್ನಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀಯೇನೋ ಎಂಬ ಆಸೆಯಿಂದ ಕೂತಿದ್ದೇನೆ.

ಆ ಟ್ರೇಲರ್ ಕೊಂಡಾಗಲೇ ನೀನು ಬೈದಿದ್ದೆ. ‘ಈ ಸ್ಥಿತೀಲಿ ಅಮ್ಮನ್ನ ರೋಡ್ ಮೇಲೆ ಕರ್ಕೊಂಡ್ ಹೋಗ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?’ ಆದರೆ ತುಮಕೂರಿನ ಮದುವೆಗೆ ಹೋದಾಗ ಲಾಡ್ಜಿನ ಕೋಣೆಯಲ್ಲಿ ಅಮ್ಮ ಹೇಗೆ ಕಿರುಚಿಕೊಂಡಳೆಂದು ನೀನು ನೋಡಿಲ್ಲ. ಮರೆವು ಹತ್ತಿದ ಮೇಲೆ ಅವಳಿಗೆ ಹೊಸ ಗೋಡೆ, ಹೊಸ ಕಿಟಕಿ ಎಂದರೆ ಜೀವ ಹೋಗುವಷ್ಟು ಭಯ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಒಂದು ಪುಟ್ಟ ಕೋಣೆಯಿದ್ದರೆ, ಎಲ್ಲಿ ನಿಂತರೂ ಅದೇ ಹಾಸಿಗೆ, ಅದೇ ಹಳದಿ ಪರದೆ ಇರುತ್ತದಲ್ಲ ಎಂದುಕೊಂಡೆ. ಹುಟ್ಟಿದ ಊರು ಮಾರಿಕಣಿವೆಯನ್ನು ಅವಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಅಣೆಕಟ್ಟಿನ ಮುಂದೆ ಅವಳನ್ನು ಒಮ್ಮೆ ನಿಲ್ಲಿಸಬೇಕೆಂದಿತ್ತು, ಅಷ್ಟೇ. ಯಶವಂತಪುರದ ವರ್ಕ್‌ಶಾಪಿನಲ್ಲಿ ಅದನ್ನು ರಿಪೇರಿ ಮಾಡಿಕೊಟ್ಟ ಅಶ್ವತ್ಥ್, ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರವನ್ನು ಹೇಗೆ ಸುತ್ತಬೇಕು, ಕಂಬಿಗಳಿಗೆ ಪಿನ್ ಹೇಗೆ ಹಾಕಬೇಕೆಂದು ಎರಡೆರಡು ಸಲ ತೋರಿಸಿದ್ದ. ‘ಸಾರ್, ನಿಂತಾಗ ಇದು ನೆರಳು, ಓಡುವಾಗ ಗಾಳಿಪಟ. ಎರಡೂ ಬೆಲ್ಟ್ ಬಿಗೀದೆ ರೋಡಿಗ್ ಇಳಿಸ್ಬೇಡಿ’ ಎಂದಿದ್ದ.

ಮೊದಲ ದಿನ ಹೆಸರಘಟ್ಟದಲ್ಲಿ ನಿಂತೆವು, ನನ್ನ ಕಾಲೇಜಿನವರೊಬ್ಬರ ತೋಟದಲ್ಲಿ. ಶುಭಾಗೆ ರಜೆ ಸಿಕ್ಕಿರಲಿಲ್ಲ, ನಾನು ಮತ್ತು ಅಮ್ಮ ಇಬ್ಬರೇ. ಸಂಜೆ ಚಪ್ಪರ ಬಿಚ್ಚಿ ಕುರ್ಚಿ ಹಾಕಿಕೊಟ್ಟೆ. ಬಟಾಣಿ ಸುಲಿಯುತ್ತಾ ಅಮ್ಮ ತನ್ನ ಟೆಲಿಫೋನ್ ಎಕ್ಸ್‌ಚೇಂಜಿನ ದಿನಗಳಿಗೆ ಹೋಗಿಬಿಟ್ಟಳು. ಕಿವಿಗೆ ಕೈಯಿಟ್ಟು, ‘ದಾವಣಗೆರೆ, ಮಾತಾಡಿ’ ಎಂದು ಹೇಳಿ ತಾನೇ ನಕ್ಕಳು. ಎಷ್ಟು ದಿನವಾಗಿತ್ತು ಅಕ್ಕಾ ಆ ನಗು ಕೇಳಿ! ರಾತ್ರಿ ಒಮ್ಮೆಯೂ ಏಳದೆ ಮಲಗಿದಳು. ನಿನಗೆ ಫೋಟೋ ಕಳಿಸಿ, ನೋಡು, ನಾನು ಹೇಳಿರಲಿಲ್ಲವೇ ಎಂದು ಕೊಚ್ಚಿಕೊಳ್ಳಬೇಕೆಂದಿದ್ದೆ. ಮಾರಿಕಣಿವೆ ಮುಟ್ಟಿದ ಮೇಲೇ ಕಳಿಸೋಣ ಎಂದುಕೊಂಡು ಸುಮ್ಮನಾದೆ.

ಬೆಳಿಗ್ಗೆ ಬಟ್ಟೆಯೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ಒಣಗುವವರೆಗೆ ಕಾಯಬೇಕಿತ್ತು. ಅಮ್ಮ ಆಗಲೇ ಕಾರಿನಲ್ಲಿ ಕೂತು ಹೊರಡೋಣ, ಹೊರಡೋಣ ಎನ್ನುತ್ತಿದ್ದಳು. ಒದ್ದೆ ಬಟ್ಟೆಯನ್ನೇ ಸುತ್ತಿದೆ. ಸುರುಳಿ ದಪ್ಪಗಾಗಿ ಹಿಂದಿನ ಬೆಲ್ಟಿನ ಬಕಲ್ ಕೂರಲಿಲ್ಲ. ಮೂರು ಸಲ ಎಳೆದು ನೋಡಿ, ಕೊನೆಗೆ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದೆ. ಅಶ್ವತ್ಥ್ ಹೇಳಿದ್ದು ನೆನಪಿತ್ತು. ನೆನಪಿದ್ದೂ ಹೊರಟೆ.

ಮಾಕಳಿ ದಾಟುವಷ್ಟರಲ್ಲಿ ಒಂದು ಲಾರಿ ಪಕ್ಕದಲ್ಲಿ ರಭಸದಿಂದ ಹೋಯಿತು. ಹಿಂದೆಯೇ ಪಟಪಟ ಸದ್ದು. ಕನ್ನಡಿಯಲ್ಲಿ ನೋಡಿದರೆ ಹಗ್ಗ ಕಿತ್ತು ಬಟ್ಟೆ ಉಬ್ಬಿ, ಕಬ್ಬಿಣದ ಕಂಬಿಯೊಂದು ರಸ್ತೆಗೆ ಚಾಚಿಕೊಂಡಿತ್ತು. ಬೈಕಿನವನೊಬ್ಬ ತಲೆ ತಗ್ಗಿಸಿ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು, ‘ಸಾಯಿಸ್ತೀಯೇನೋ ಗುರೂ!’ ಎಂದು ಕೂಗುತ್ತಾ ಹೋದ. ಸರ್ವಿಸ್ ರೋಡಿಗಿಳಿಸಿ ನಿಲ್ಲಿಸಿ, ಸ್ಟೂಲ್ ಹತ್ತಿದೆ. ಲಾರಿ ಬಂದಾಗಲೆಲ್ಲ ಬಟ್ಟೆ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತಿತ್ತು. ಇಪ್ಪತ್ತು ನಿಮಿಷ ಗುದ್ದಾಡಿ ಕೊನೆಗೆ ಎರಡೂ ಬೆಲ್ಟ್ ಹಾಕಿದೆ. ಈ ಸಲ ಸರಿಯಾಗಿಯೇ ಕೂತವು. ಬೆವರು ಒರೆಸಿಕೊಂಡು ಕೆಳಗಿಳಿದಾಗ ಕಾರಿನ ಬಾಗಿಲು ತೆರೆದಿತ್ತು. ಅಮ್ಮ ಇರಲಿಲ್ಲ.

ಮುಂದಿನದು ನಿನಗೇ ಗೊತ್ತು. ಮಾರನೆಯ ದಿನ ನೀನೂ ಬಂದೆ, ಆ ಮಂಡಿಯಲ್ಲೇ ನನ್ನೊಂದಿಗೆ ಅಂಗಡಿ ಅಂಗಡಿ ಅಲೆದೆ, ಅಮ್ಮನ ಫೋಟೋ ತೋರಿಸಿದೆ. ಮೂರನೆಯ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದ ಮುನಿಯಲ್ಲಮ್ಮನಿಗೆ ನೀಲಗಿರಿ ತೋಪಿನಲ್ಲಿ ಸಿಕ್ಕಳು. ‘ಇಂಗೆ ಒರಗ್ಕೊಂಡ್ ಕುಂತಿತ್ತು ಕಣಪ್ಪ, ಮುಟ್ಟುದ್ರೆ ಮೈಯೆಲ್ಲ ಬೆಂಕಿ. ನಂ ಸೆರಗ್ ಇಡ್ಕೊಂಡು ಬಿಡ್ಲೇ ಇಲ್ಲ ತಾಯಿ’ ಎಂದು ಆಕೆ ಹೇಳುವಾಗ ನೀನು ಆಕೆಯ ಕೈಯನ್ನು ಹಿಡಿದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಎರಡು ದಿನ. ಅಮ್ಮ ಮತ್ತೆ ಕಣ್ಣು ತೆರೆಯಲಿಲ್ಲ.

ಟ್ರೇಲರ್ ಮನೆಯ ಮುಂದೆಯೇ ನಿಂತಿದೆ. ಮಾರಿಬಿಡಿ ರೀ ಎನ್ನುತ್ತಾಳೆ ಶುಭಾ. ನಾನು ದಿನವೂ ಹೋಗಿ ಆ ಬೆಲ್ಟುಗಳನ್ನು ಎಳೆದು ನೋಡುತ್ತೇನೆ, ಬಿಚ್ಚಿ ಮತ್ತೆ ಬಿಗಿಯುತ್ತೇನೆ. ಎದುರು ಮನೆಯವರು ಕಿಟಕಿಯಿಂದ ನೋಡುವುದು ಗೊತ್ತು, ಆದರೂ ಕೈ ನಿಲ್ಲುವುದಿಲ್ಲ. ಕಾಲೇಜಿಗೆ ಹೋಗಿ ಒಂದು ತಿಂಗಳಾಯಿತು. ಕೊನೆಯ ದಿನ ಲ್ಯಾಬಿನಲ್ಲಿ ಹುಡುಗರು ಏನೋ ಕೇಳಿದರು, ನನಗೆ ಅವರ ಬಾಯಿ ಅಲ್ಲಾಡುವುದಷ್ಟೇ ಕಂಡಿತು. ಮಹಡಿಯ ಮೇಲೆ ಒಣಗಿಸಿದ ಬೆಡ್‌ಶೀಟ್ ಗಾಳಿಗೆ ಪಟಪಟ ಎಂದರೆ ಎದ್ದು ಹೊರಗೆ ಓಡುತ್ತೇನೆ. ಶುಭಾ ಈಗ ಬಟ್ಟೆಗಳನ್ನೆಲ್ಲ ಒಳಗೇ ಒಣಹಾಕುತ್ತಾಳೆ. ಅಕ್ಕಾ, ದುಃಖ ಆದರೆ ಒಂದು ದಿನ ಕಡಿಮೆಯಾಗುತ್ತದೆಂದು ಜನ ಹೇಳುತ್ತಾರೆ. ನನ್ನದು ಬರೀ ದುಃಖವಲ್ಲ, ಅದಕ್ಕೇ ಅದು ಕರಗುವ ಲಕ್ಷಣ ಕಾಣುತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಯ ಪರೀಕ್ಷೆ ಮುಗಿದಿದ್ದರೆ ಅವಳ ತಲೆ ಸವರಿ, ಮಾವ ಕೇಳಿದ ಎಂದು ಹೇಳು. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಡಬೇಡ.

ಇನ್ನೂ ಹಾಗೆ ಕರೆದುಕೊಳ್ಳಬಹುದಾದರೆ,
ನಿನ್ನ ತಮ್ಮ,
ಶ್ರೀಕಾಂತ್

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಲಕೋಟೆ ಅಂಟಿಸಿದ್ದವನು ಬಿಚ್ಚಿ ಬರೆಯುತ್ತಿದ್ದೇನೆ. ಅಮ್ಮ ಇಳಿದದ್ದು ಗೊತ್ತೇ ಆಗಲಿಲ್ಲ ಎಂದು ಪೊಲೀಸರಿಗೆ, ನಿನಗೆ, ಶುಭಾಗೆ ಎಲ್ಲರಿಗೂ ಹೇಳಿದೆ. ಸುಳ್ಳು. ಅವಳು ಇಳಿದು ನನ್ನ ಸ್ಟೂಲಿನ ಹತ್ತಿರವೇ ಬಂದು ನಿಂತಿದ್ದಳು. ಒಂದು ವರ್ಷದಿಂದ ನನ್ನನ್ನು ‘ರೀ, ನೀವ್ಯಾರು’ ಎನ್ನುತ್ತಿದ್ದವಳು ಅವತ್ತು, ‘ಸೀಕಾಂತೂ, ಬಿಸಿಲಲ್ಲಿ ಬೆಂದ್ಹೋಗಿದ್ಯಲ್ಲೋ, ನೀರ್ ತರ್ತೀನಿ ಇರು’ ಎಂದಳು. ಚಿಕ್ಕಂದಿನಲ್ಲಿ ನೀವೆಲ್ಲ ಕರೆಯುತ್ತಿದ್ದ ಹಾಗೇ. ನನ್ನ ಎರಡೂ ಕೈ ಬಟ್ಟೆಯ ಮೇಲಿದ್ದವು, ಬೆಲ್ಟನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಎಲ್ಲಿಂದ ತರುತ್ತೀ ಎಂದು ಕೇಳಲಿಲ್ಲ. ತಿರುಗಿ ಅವಳ ಮುಖ ನೋಡಲಿಲ್ಲ. ‘ಹೂಂ’ ಅಂದೆ.