ಯಂತ್ರ ಬಲಗಡೆಗೇ ಇರಲಿ

ಕೆರೆದಂಡೆಯ ಮನೆಯಿಂದ
ಏಪ್ರಿಲ್ ೧೧, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಮತ್ತೆ ಊದಿಸಿಕೊಂಡಿಲ್ಲ ತಾನೆ? ಕೂಸು ನಿಮಗೆ ನಿದ್ದೆ ಮಾಡಗೊಡುತ್ತದೆಯೇ, ಬಾಣಂತಿ ಹೊಟ್ಟೆತುಂಬ ಉಣ್ಣುತ್ತಾಳೆಯೇ ಎಂದು ದಿನವೂ ಅಂದುಕೊಳ್ಳುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ದನಿ ಎಂಥದ್ದೆಂದು ನಿಮಗೇ ಗೊತ್ತು. ನಾನು ಅಡುಗೆಮನೆಯಲ್ಲಿ ಫೋನು ಹಿಡಿದರೆ ನೀವಾಡಿದ ಮಾತು ಜೆಟ್ಟಿಯಲ್ಲಿ ದೋಣಿ ತೊಳೆಯುವವರಿಗೂ ಕೇಳಿಸುತ್ತದೆ. ಈ ಸಂಗತಿ ನಿಮ್ಮ ತಮ್ಮನ ಕಿವಿಗೆ ಬೀಳಬಾರದು. ಅದಕ್ಕೇ ಕಾಗದ.

ನಿಮ್ಮ ತಮ್ಮ ಮೀನು ತೋರಿಸುವ ಯಂತ್ರ ಕೊಳ್ಳುತ್ತಿದ್ದಾರೆ. ಹೌದು, ಅದೇ ಯಂತ್ರ. ಗಾಳ ಹಾಕುವವರನ್ನು ಕರೆದೊಯ್ಯುವ ಬೇರೆ ದೋಣಿಯವರೆಲ್ಲ ಅದನ್ನು ಕೂರಿಸಿಕೊಂಡಾಗ, "ಟೀವಿ ನೋಡೋಕೆ ನೀರಿಗೆ ಯಾಕ್ರಯ್ಯಾ ಬರ್ತೀರಿ, ಮನೇಲೇ ಕಾಲು ಚಾಚ್ಕೊಂಡು ನೋಡಿ" ಎಂದು ಜೆಟ್ಟಿಯ ತುಂಬ ನಗೆ ಎಬ್ಬಿಸಿದವರು ಇವರೇ. ಕಳೆದ ವಾರ ಇದ್ದಕ್ಕಿದ್ದಂತೆ, "ಅಂಗಡಿಗೆ ಹೋಗ್ಬರೋಣ, ನೀನೂ ಬಾ" ಎಂದರು. ಹೊಸ ಪರದೆ ಬಟ್ಟೆ ಆರಿಸಲು ಕರೆದರೂ ಬಾರದ ಮನುಷ್ಯ ನನ್ನನ್ನು ಜೊತೆಗೆ ಕರೆದಾಗಲೇ ನನಗೆ ಅನುಮಾನ ಮೊಳೆಯಿತು.

ಮೊದಲು ಅಂಗಡಿಯವನ ಮೇಲೆ ಅನುಮಾನಪಟ್ಟೆ. ಇವರ ತಲೆ ಕೆಡಿಸಿದವನು ಅವನೇ ಎಂದುಕೊಂಡೆ. ಗೋಡೆಯುದ್ದಕ್ಕೂ ಸಣ್ಣ ದೊಡ್ಡ ಯಂತ್ರಗಳ ಪರದೆಗಳು, ಎಲ್ಲದರಲ್ಲೂ ಒಂದೇ ಕೆರೆ, ಅದರೊಳಗೆ ಸಾಲುಗಟ್ಟಿ ಮೀನು. "ಇಲ್ಲಿ ಒಂದು ಲೋಟ ನೀರೂ ಇಲ್ವಲ್ಲ, ಮೀನು ಎಲ್ಲಿಂದ ಬಂತು?" ಎಂದು ಕೇಳಿದೆ. "ಅದು ಡೆಮೊ ಮೇಡಂ" ಎಂದು ಹಲ್ಲು ಬಿಟ್ಟ. ನೀರಿಲ್ಲದೆ ಮೀನು ತೋರಿಸಬಲ್ಲ ಯಂತ್ರ ನೀರಿನಲ್ಲಿ ಇನ್ನೇನೇನು ತೋರಿಸೀತು ಎಂದು ನಾನು ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅವನು ಮಾತ್ರ ಬಿಡಲಿಲ್ಲ. ಮೀನು ಯಾವುದು, ಜೊಂಡು ಯಾವುದು ಎಂದು ಬೇರ್ಪಡಿಸಿ ಹೇಳುವ ಯಂತ್ರ, ದೋಣಿಯ ಎರಡೂ ಪಕ್ಕದ ತಳವನ್ನು ಫೋಟೊದಂತೆ ತೋರಿಸುವ ಯಂತ್ರ, ಒಂದಾದ ಮೇಲೊಂದು ಮುಂದಿಟ್ಟ.

ಅತ್ತಿಗೆ, ನಿಮ್ಮ ತಮ್ಮ ಮೀನಿನ ಸುದ್ದಿಯನ್ನೇ ಎತ್ತಲಿಲ್ಲ. "ಆಳ ಕಮ್ಮಿ ಆದ್ರೆ ಕೂಗುತ್ತಾ? ಎಷ್ಟು ಜೋರಾಗಿ ಕೂಗುತ್ತೆ?" ಎಂದು ಕೇಳಿದರು. ಆಮೇಲೆ ಮ್ಯಾಪು. ಬೆರಳುಗುರಿನಷ್ಟು ಕಾರ್ಡಿನಲ್ಲಿ ನಮ್ಮ ಇಡೀ ಕೆರೆ ಇದೆ, ಆಳದ ಗೆರೆಗಳ ಸಮೇತ. ನೀರು ಇಳಿದಾಗ ಎಷ್ಟು ಇಳಿದಿದೆ ಎಂದು ಒತ್ತಿದರೆ ಗೆರೆಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವಂತೆ. ಅದರಲ್ಲಿ ಇವರು ಹುಡುಕಿದ್ದು ಬಂಡೆಗಳನ್ನು, ಅದೂ ಚಿಕ್ಕಂದಿನಲ್ಲಿ ನೀವಿಬ್ಬರೂ ಕೂತು ಎಮ್ಮೆಬೆನ್ನು, ಅಜ್ಜಿಹಲ್ಲು ಎಂದೆಲ್ಲ ಹೆಸರಿಟ್ಟ ಬಂಡೆಗಳನ್ನು. ಹುಟ್ಟು ಹಾಕುವುದನ್ನು ನಿಮ್ಮಿಂದ ಕಲಿತಂದಿನಿಂದ ಕಣ್ಣುಮುಚ್ಚಿ ಬಳಸಿಕೊಂಡು ಹೋಗುವ ಬಂಡೆಗಳನ್ನು ಈಗ ಪರದೆಯ ಮೇಲೆ ಬೆರಳಿಟ್ಟು ತಡಕುವುದೆಂದರೆ? ದೋಣಿ ಮಾರುವ ಯೋಚನೆ ಇರಬೇಕು, ಕೊಳ್ಳುವವನಿಗೆ ಅನುಕೂಲವಾಗಲಿ ಎಂದು ಇದೆಲ್ಲ, ಎಂದು ನನ್ನ ಅನುಮಾನ ದಿಕ್ಕು ಬದಲಿಸಿತು.

ಆಗ ಇವರು ಇನ್ನೊಂದು ಪ್ರಶ್ನೆ ಕೇಳಿದರು. "ಎಡಗಡೆಯಿಂದ ಬರೋ ದೋಣಿ ಇದ್ರಲ್ಲಿ ಕಾಣುತ್ತಾ?" ಅಂಗಡಿಯವನು ಗಟ್ಟಿಯಾಗಿ ನಕ್ಕ. "ಇದು ನೀರಿನ ಕೆಳಗಿಂದು ತೋರ್ಸೋದು ಸಾರ್. ಮೇಲಿಂದಕ್ಕೆ ಕಣ್ಣಿದೆಯಲ್ಲ!" ನಿಮ್ಮ ತಮ್ಮನೂ ನಕ್ಕರು. ಆದರೆ ನಗು ಸ್ವಲ್ಪ ತಡವಾಗಿ ಬಂತು. ಯಂತ್ರವನ್ನು ಚುಕ್ಕಾಣಿಯ ಎಡಕ್ಕೆ ಕೂರಿಸುವುದು ವಾಡಿಕೆ, ಬಲಗೈ ಖಾಲಿ ಇರುತ್ತದೆ ಎಂದು ಅವನು ವಿವರಿಸಿದಾಗ, "ಬಲಗಡೆಗೇ ಇರ್ಲಿ" ಎಂದರು. ಯಾಕೆಂದು ಕೇಳಿದ್ದಕ್ಕೆ, "ನನ್ನ ದೋಣಿ, ನನ್ನಿಷ್ಟ" ಎಂದು ಸಿಡುಕಿದರು. ಅಪರಿಚಿತರ ಮುಂದೆ ಅವರು ಸಿಡುಕಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಅಂದಿನಿಂದ ಕಳ್ಳಬೆಕ್ಕನ್ನು ಕಾಯುವಂತೆ ಅವರನ್ನು ಕಾಯುತ್ತಿದ್ದೇನೆ. ಎಡಕ್ಕಿಟ್ಟ ನೀರಿನ ಲೋಟವನ್ನು ಕೈತಗುಲಿಸಿ ಉರುಳಿಸುತ್ತಾರೆ, ಇಟ್ಟ ನನಗೆ ಬೈಗುಳ. ಕೋಣೆಯ ಬಾಗಿಲಿಗೆ ಎಡಭುಜ ಬಡಿಯುತ್ತದೆ, ಬಡಗಿಗೆ ಬೈಗುಳ. ಮೊನ್ನೆ ಅವರು ಕುರ್ಚಿಯಲ್ಲಿ ಕೂತು ಗಾಳದ ದಾರ ಸುತ್ತುತ್ತಿದ್ದಾಗ ಸದ್ದಿಲ್ಲದೆ ಹೋಗಿ ಅವರ ಎಡಪಕ್ಕದಲ್ಲೇ ನಿಂತೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಹಾಡು ಗುನುಗಿಕೊಂಡೇ ಇದ್ದರು. ಕೊನೆಗೆ ನನ್ನ ಬಳೆ ಸದ್ದಾಗಿ ಬೆಚ್ಚಿಬಿದ್ದು, "ಯಾವಾಗ ಬಂದೆ? ದೆವ್ವದ ಹಾಗೆ ನಿಂತ್ಕೋಬೇಡ ಕಣೇ" ಎಂದರು.

ಮಾರನೆಯ ದಿನ ಜೆಟ್ಟಿಗೆ ಹೋಗಿ ದೋಣಿ ನೋಡಿದೆ. ಎಡಪಕ್ಕದಲ್ಲಿ, ನೀರಿನ ಗೆರೆಗಿಂತ ತುಸು ಮೇಲೆ, ಹೊಸ ಬಣ್ಣ. ಒತ್ತಿದರೆ ಬೆರಳಿಗೆ ಹಲಗೆಯ ಸೀಳು ಸಿಗುತ್ತದೆ. ಮನೆಗೆ ಬಂದು ಕೇಳಿದರೆ, "ಪಾಚಿ ಕಲೆಯಾಗಿತ್ತು, ಬಳಿದೆ" ಎಂದರು. ಪಾಚಿ ಹಲಗೆಯನ್ನು ಸೀಳುವುದನ್ನು ನಾನು ಕೇಳಿಲ್ಲ. ಕಣ್ಣು ತೋರಿಸಿಕೊಳ್ಳೋಣವೇ ಎಂದು ಹೂ ಎತ್ತಿದಷ್ಟು ಹಗುರವಾಗಿ ಕೇಳಿದೆ. "ನನ್ನ ಕಣ್ಣಿಗೇನಾಗಿದೆ? ಹದ್ದಿನ ಕಣ್ಣು" ಎಂದು ಊಟ ಬಿಟ್ಟು ಎದ್ದರು. ದೋಣಿ ನಿಂತರೆ ತಾನೂ ನಿಂತೆ ಎಂಬ ಭಯ ಅವರಿಗೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಶಾಲೆಗಳಿಗೆ ರಜೆ ಬಂದಿದೆ ಅತ್ತಿಗೆ. ದಡದುದ್ದಕ್ಕೂ ಮಕ್ಕಳು ಈಜುತ್ತಿರುತ್ತಾರೆ. ಯಂತ್ರ ಬಂಡೆ ಬಂದರೆ ಕೂಗುತ್ತದೆ, ಮಗು ಬಂದರೆ ಕೂಗುವುದಿಲ್ಲ.

ಅವರು ಯಾರ ಮಾತಿಗಾದರೂ ಬಗ್ಗುತ್ತಾರೆಂದರೆ ನಿಮ್ಮೊಬ್ಬರದಕ್ಕೆ. ಹೇಗೆ ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ನಾನು ಬರೆದೆನೆಂದು ಮಾತ್ರ ಈಗಲೇ ಹೇಳಬೇಡಿ. ಕೂಸಿನ ಕೆನ್ನೆಗೆ ನನ್ನ ಮುತ್ತು, ಬಾಣಂತಿಗೆ ಆಶೀರ್ವಾದ, ನಿಮ್ಮ ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ವಿ.ಸೂ.: ಅಂಚೆಯವನು ಪಕ್ಕದ ಮನೆಗೆ ಬಂದಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಒಂದು ಕುಟುಂಬ ದೋಣಿಗೆ ಹೇಳಿಟ್ಟಿದೆ, ಮಕ್ಕಳೂ ಇದ್ದಾರೆ. ಲಕೋಟೆ ದಪ್ಪಗಿರುವುದು ಯಾಕೆಂದು ಈಗ ನಿಮಗೆ ತಿಳಿದಿರುತ್ತದೆ. ಅದು ದೋಣಿಯ ಕೀಲಿ. ಇನ್ನೊಂದು ಕೀಲಿಯನ್ನೂ ಅದರ ಜೊತೆಗೇ ಹಾಕಿದ್ದೇನೆ. ನಾಳೆ ದೋಣಿಗೆ ಯಾರೂ ಹೇಳಿಲ್ಲ, ಶನಿವಾರ ಯಂತ್ರ ಕೂರಿಸಲು ಹೊರಟಾಗ ಮನೆಯೆಲ್ಲ ತಲೆಕೆಳಗು ಮಾಡುತ್ತಾರೆ, ಆಮೇಲೆ ನಿಮಗೆ ಫೋನು ಮಾಡುತ್ತಾರೆ. ಆಗ ನಿಮ್ಮ ಆ ದೊಡ್ಡ ದನಿಯಲ್ಲಿ ಹೇಳಿ: ಕೀಲಿ ನನ್ನ ಸೆರಗಿನಲ್ಲಿದೆ, ಕಣ್ಣಿನ ಡಾಕ್ಟರನ್ನು ಕಂಡು ಬಂದು ಇಸಿದುಕೋ.