ರಂಗೋಲಿ ಇಲ್ಲದ ಬಾಗಿಲು

ಅತ್ತೆ,

ನೀವು ಡೈರಿಗೆ ಹಾಲು ಹಾಕಿ ಬರೋವರೆಗೆ ಕಾಯೋಕಾಗಲಿಲ್ಲ. ಸಾರು ಇದೆ, ಮುದ್ದೆ ನೀವೇ ಮಾಡ್ಕೊಳ್ಳಿ. ಇವತ್ತು ನನಗೆ ಕೈ ಏಳ್ತಿಲ್ಲ.

ಹಿಂದಿನ ಬೀದಿ ಪ್ರಮೋದಾ ಬಾಗಿಲಲ್ಲಿ ರಂಗೋಲಿ ಇಲ್ಲ. ಬಿಸಿನೀರು ತಗೊಂಡು ಅಲ್ಲಿಗೇ ಹೋಗ್ತಿದ್ದೀನಿ. ಅವಳಿಗೂ ನನ್ನ ಹಾಗೇ ಫೈಬ್ರೊಮಯಾಲ್ಜಿಯ. ಸ್ಕ್ಯಾನಿನಲ್ಲಿ ಕಾಣದೆ ಮೈಯೆಲ್ಲ ಅರೆಯುವ ನೋವು, ಊರಿನ ಬಾಯಲ್ಲಿ ಸೋಮಾರಿತನ. ಫೋನ್ ಮಾಡಿದರೆ ಎಲ್ಲರೂ ಚೆನ್ನಾಗಿದ್ದೀನಿ ಅಂತೀವಿ. ಅದಕ್ಕೇ ಇದೇ ನೋವಿರೋ ನಾವು ಐದು ಜನ ಮಾತಾಡಿಕೊಂಡಿದ್ದೀವಿ: ಬೆಳಿಗ್ಗೆ ಎಂಟು ಗಂಟೆಯಾದರೂ ಯಾರ ಬಾಗಿಲಲ್ಲಿ ರಂಗೋಲಿ ಇಲ್ಲವೋ ಅವಳು ಏಳಲಾಗದೆ ಮಲಗಿದ್ದಾಳೆ, ಉಳಿದವರು ಹೋಗಬೇಕು. ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು.

ಕಳೆದ ಮಂಗಳವಾರ ನಾನು ಏಳಲಿಲ್ಲ. 'ಬಾಗಿಲು ಹಂಗೇ ಬಿಟ್ರೆ ಸಾವಿನ ಮನೆ ಅಂದ್ಕೋತಾರೆ ಕಣೆ' ಅಂತ ನೀವೇ ರಂಗೋಲಿ ಹಾಕಿ ಆವತಿ ಊರಿಗೆ ಹೋದಿರಿ. ಅಕ್ಕರೆಯಿಂದಲೇ ಹಾಕಿದಿರಿ, ಬಲ್ಲೆ. ಸಂಜೆವರೆಗೆ ನೀರು ಕೊಡೋಕೂ ಯಾರೂ ಬರಲಿಲ್ಲ. ಪ್ರಮೋದಾ ಎರಡು ಸಲ ನಮ್ಮ ಬಾಗಿಲು ನೋಡಿ, ಸಮಾಧಾನವಾಗಿ ವಾಪಸ್ ಹೋದಳಂತೆ.

ಮನೆ ಮರ್ಯಾದೆಗೆ ಇನ್ನೆಷ್ಟು ಹೆಂಗಸರು ಬಾಗಿಲ ಹಿಂದೆ ನರಳಬೇಕು, ಅತ್ತೆ?

ನಾಳೆ ನಾನು ಏಳದಿದ್ದರೆ ಗುಡಿಸಿ, ನೀರು ಹಾಕಿ. ರಂಗೋಲಿ ಮಾತ್ರ ಬೇಡ. ಯಾರು ಸತ್ತರು ಅಂತ ಬೀದಿಯವರು ಕೇಳಿದರೆ, ಸೊಸೆ ಇನ್ನೂ ಬದುಕಿದ್ದಾಳೆ, ಒಳಗೆ ಬಂದು ನೋಡಿ ಅನ್ನಿ.

ಜ್ಯೋತಿ